ಅಷ್ಟಾದಶ ವರ್ಣನೆಗಳ ಆಚೆ: ವಸ್ತುಚಿತ್ರವೂ ರಾಮನಗರದ ಸೀಮೆಯೂ

ಕಾವ್ಯಮೀಮಾಂಸೆಯನ್ನು ಅಭ್ಯಾಸ ಮಾಡಿದವರಿಗೆ ಅಷ್ಟಾದಶ ವರ್ಣನೆಗಳ ಪರಿಚಯ ಇದ್ದೇ ಇರುತ್ತದೆ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ, ವಿವಾಹ, ಕುಮಾರೋದಯ, ದೂತಕಾರ್ಯ, ದಂಡಯಾತ್ರೆ, ಯುದ್ಧ ಹೀಗೆ ಆ ಪಟ್ಟಿ ಬೆಳೆಯುತ್ತದೆ. ದಂಡಿಯ ‘ಕಾವ್ಯಾದರ್ಶ’ದಲ್ಲಿ ಕಾಣುವ ಈ ಕ್ರಮವನ್ನು ನಮ್ಮ ಚಂಪೂಕವಿಗಳು ಶ್ರದ್ಧೆಯಿಂದ ಅನುಸರಿಸಿದರು. ಆದರೆ ಈ ಹದಿನೆಂಟರಲ್ಲಿ ಒಂದು ಮಡಕೆಗಾಗಲಿ, ಮೊರಕ್ಕಾಗಲಿ, ಮಗುವಿನ ಆಟಿಕೆಗಾಗಲಿ ಸ್ಥಾನವಿಲ್ಲ. ಇಂಥ ವಸ್ತುಗಳು ಕಾವ್ಯದೊಳಗೆ ಬಂದರೂ ಬಹುಮಟ್ಟಿಗೆ ಉಪಮಾನಗಳಾಗಿ ಬರುತ್ತವೆ, ಇಲ್ಲವೆ ಅರಮನೆಯ ವೈಭವದ ಅಂಗಗಳಾಗಿ.

ಯುರೋಪಿನ ಚಿತ್ರಕಲೆಯಲ್ಲಿಯೂ ಇಂಥದೇ ಒಂದು ತಾರತಮ್ಯವಿತ್ತು. 1667ರಲ್ಲಿ ಆಂದ್ರೆ ಫೆಲಿಬಿಯನ್ ಎಂಬ ಫ್ರೆಂಚ್ ವಿದ್ವಾಂಸ ಚಿತ್ರಪ್ರಕಾರಗಳನ್ನು ಮೇಲು-ಕೀಳುಗಳ ಶ್ರೇಣಿಯಲ್ಲಿ ಜೋಡಿಸಿದ. ಪುರಾಣ ಮತ್ತು ಇತಿಹಾಸದ ಚಿತ್ರಗಳು ಎತ್ತರದ ಸ್ಥಾನವನ್ನು ಪಡೆದವು. ಹಣ್ಣು, ಹೂವು, ಚಿಪ್ಪುಗಳನ್ನು ಬರೆಯುವವನು ಎಲ್ಲರಿಗಿಂತ ಕೆಳಗೆ ನಿಂತ. ಪರಸ್ಪರ ಸಂಪರ್ಕವಿಲ್ಲದ ಎರಡು ಪರಂಪರೆಗಳು ನಿತ್ಯಬಳಕೆಯ ವಸ್ತುವಿನ ವಿಷಯದಲ್ಲಿ ಒಂದೇ ಬಗೆಯ ಉಪೇಕ್ಷೆಯನ್ನು ತೋರಿದ್ದು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಸ್ಟಿಲ್ ಲೈಫ್ ಎಂಬ ಪ್ರಕಾರವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಸ್ಥಿರಚಿತ್ರ’ ಎಂದರೆ ಛಾಯಾಚಿತ್ರ ನೆನಪಿಗೆ ಬರುತ್ತದೆ. ಫ್ರೆಂಚರ ಮಾತನ್ನು ಅನುಸರಿಸಿದರೆ ‘ಮೃತ ಪ್ರಕೃತಿ’ ಎನ್ನಬೇಕಾಗುತ್ತದೆ. ‘ವಸ್ತುಚಿತ್ರ’ ಎಂಬುದೇ ಯುಕ್ತವೆಂದು ನನ್ನ ಅಭಿಪ್ರಾಯ. ನಮ್ಮ ನುಡಿಯಲ್ಲಿ ‘ವಸ್ತು’ ಎಂದರೆ ಕೈಗೆ ಸಿಗುವ ಪದಾರ್ಥವೂ ಹೌದು, ಕೃತಿಯ ವಿಷಯವೂ ಹೌದು. ಪದಾರ್ಥವೇ ಕೃತಿಯ ವಿಷಯವಾಗುವ ಈ ಪ್ರಕಾರಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು.

ನಮ್ಮ ಚಿತ್ರಕಲಾ ಶಿಕ್ಷಣದಲ್ಲಿ ವಸ್ತುಚಿತ್ರವೆಂದರೆ ಆರಂಭದ ಪಾಠ. ಮೇಜಿನ ಮೇಲೆ ಒಂದು ಹೂಜಿ, ಎರಡು ಬದನೆಕಾಯಿ, ಹಿಂದೆ ಒಂದು ಮಡಿಕೆಬಿದ್ದ ಬಟ್ಟೆ; ನೆರಳು-ಬೆಳಕು ಕೈಗೆ ಹತ್ತಿದ ಮೇಲೆ ವಿದ್ಯಾರ್ಥಿ ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಹೀಗೆ ಬಿಟ್ಟುಹೋದದ್ದಕ್ಕೆ ಹಿಂದಿರುಗುವ ಕಲಾವಿದರು ನಮಗೆ ಬೇಕು. ಅವರಿಗೆ ತಕ್ಕ ನೆಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡ ಈ ಪ್ರದೇಶ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆಯಿತು. ಮಹಾನಗರದ ಅಂಚು ಸಮೀಪಿಸಿದಂತೆ ಮನೆಯೊಳಗಿನ ಪಾತ್ರೆ-ಪರಿಕರಗಳೂ ಬದಲಾಗುತ್ತವೆ. ಜಿಲ್ಲೆಯ ಹೆಸರು ಬದಲಾದುದಕ್ಕೆ ಸರ್ಕಾರದ ಆದೇಶ ಸಾಕ್ಷಿಯಾಗಿ ಉಳಿಯುತ್ತದೆ. ಅಡುಗೆಮನೆಯಿಂದ ಸೇರು, ಪಾವು, ಒನಕೆಗಳು ಹೊರಟುಹೋದುದಕ್ಕೆ ಅಂಥ ದಾಖಲೆ ಇರುವುದಿಲ್ಲ.

ಜಾನಪದ ಲೋಕ ಇದೆಯಲ್ಲ ಎಂದು ಕೇಳಬಹುದು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ, ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ ಕಟ್ಟಿದ ಆ ಸಂಸ್ಥೆ ಮಾಡಿರುವ ಕೆಲಸ ಅಸಾಧಾರಣವಾದುದು. ಆದರೆ ವಸ್ತುಸಂಗ್ರಹಾಲಯ ಉಳಿಸುವುದು ಪದಾರ್ಥವನ್ನು. ಆ ಪದಾರ್ಥ ಕಿಟಕಿಯ ಬೆಳಕಿನಲ್ಲಿ, ಬೇರೊಂದು ಪದಾರ್ಥದ ಪಕ್ಕದಲ್ಲಿ ಹೇಗೆ ಕಾಣುತ್ತಿತ್ತು ಎಂಬುದನ್ನು ಉಳಿಸುವುದು ಚಿತ್ರಕಾರನ ಪಾಲಿಗೆ ಬಿದ್ದ ಕೆಲಸ.

ಈ ಕೆಲಸಕ್ಕೆ ತೈಲವರ್ಣ ಏಕೆ ಒದಗುತ್ತದೆ ಎಂಬುದನ್ನು ಚನ್ನಪಟ್ಟಣದ ಗೊಂಬೆಯಿಂದಲೇ ಅರಿಯಬಹುದು. ಆಲೆಮರದ ತುಂಡನ್ನು ತಿರುಗುವ ಲೇತಿನಲ್ಲಿ ಕಡೆದು, ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕುಶಲಕರ್ಮಿಯ ಕೈಯಲ್ಲಿ ಕ್ಷಣಗಳೊಳಗೆ ಮೂಡುವ ಆ ಹೊಳಪನ್ನು ಚಿತ್ರಿಸಲು ಕಲಾವಿದನಿಗೆ ವಾರಗಳು ಬೇಕಾಗಬಹುದು. ಗುಂಡಗಿನ ಕೆಂಪು ಮೈಯಲ್ಲಿ ಕಿಟಕಿ ಬಾಗಿದ ಒಂದು ಬಿಳಿಯ ಗೆರೆಯಾಗುತ್ತದೆ. ಪಕ್ಕದ ಹಳದಿ ಕೆಂಪಿನ ನೆರಳಿನೊಳಗೆ ಇಳಿದು ಕಿತ್ತಳೆಯಾಗುತ್ತದೆ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಹಸಿಬಣ್ಣದಲ್ಲಿಯೇ ಅಂಚುಗಳನ್ನು ಬೆರೆಸಬಹುದು. ಒಣಗಿದ ಮೇಲೆ ತೆಳುವಾದ ಪಾರದರ್ಶಕ ಲೇಪಗಳನ್ನು ಒಂದರ ಮೇಲೊಂದು ಹಾಕಿ ಅರಗಿನ ಆಳವನ್ನು ಹತ್ತಿರದಿಂದ ಹಿಡಿಯಬಹುದು.

ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಇದಕ್ಕಿಂತ ಕಠಿಣವಾದ ಪರೀಕ್ಷೆ. ಅದರ ಮೈ ಹೊಳೆಯುವುದಿಲ್ಲ, ಬೆಳಕನ್ನು ಒಳಗೆ ಹೀರಿ ಮೆತ್ತಗೆ ಮರಳಿಸುತ್ತದೆ. ದ್ವಿತಳಿ ಗೂಡು ಬಿಳಿ, ಮೈಸೂರು ತಳಿಯದು ಹಸಿರು ಬೆರೆತ ಹಳದಿ. ಎರಡನ್ನೂ ಬಿದಿರಿನ ಚಂದ್ರಿಕೆಯ ಮೇಲೆ ಒಟ್ಟಿಗೆ ಇಟ್ಟು ನೋಡಿದಾಗ ‘ಬಿಳಿ’ ಎಂಬ ಒಂದು ಪದದಿಂದ ನಾವು ಎಷ್ಟು ಬಣ್ಣಗಳನ್ನು ಮರೆಮಾಚುತ್ತೇವೆ ಎಂಬುದು ತಿಳಿಯುತ್ತದೆ. ಭಾಷೆಯನ್ನು ಅಧ್ಯಯನ ಮಾಡುವವರಿಗೆ ಇದು ಚಿತ್ರಕಲೆಯಿಂದ ಸಿಗುವ ಪಾಠ.

ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡುವುದರ ಫಲವೇನೆಂಬುದಕ್ಕೆ ಇಟಲಿಯ ಜಾರ್ಜೊ ಮೊರಾಂದಿ (1890–1964) ನಿದರ್ಶನ. ಬೊಲೋನ್ಯಾ ನಗರದ ತನ್ನ ಕೊಠಡಿಯಲ್ಲಿ ಆತ ಅವೇ ಸೀಸೆ, ಹೂಜಿ, ಡಬ್ಬಿಗಳನ್ನು ದಶಕಗಳ ಕಾಲ ಚಿತ್ರಿಸಿದ. ಕೆಲವು ಪಾತ್ರೆಗಳ ಹೊಳಪು ಅಡ್ಡಿಯಾದಾಗ ಅವುಗಳಿಗೇ ಮಂಕುಬಣ್ಣ ಬಳಿದು ಎದುರಿಗಿಟ್ಟುಕೊಂಡ. ವಸ್ತುಗಳ ನಡುವಿನ ಬೆರಳಗಲದ ಅಂತರ ಬದಲಾದರೂ ಚಿತ್ರದ ಭಾವ ಬದಲಾಗುವುದನ್ನು ಅವನ ಕೃತಿಗಳಲ್ಲಿ ಕಾಣುತ್ತೇವೆ. ಪದಗಳ ಅನ್ವಯ ಬದಲಾದಾಗ ಪದ್ಯದ ಧ್ವನಿ ಬದಲಾಗುವುದನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ.

ಇದು ಪರದೇಶದ ಪ್ರಕಾರ, ನಮ್ಮ ಮಣ್ಣಿನದಲ್ಲ ಎಂಬ ಆಕ್ಷೇಪ ಬರಬಹುದು. ಚನ್ನಪಟ್ಟಣದ ಗೊಂಬೆಯೇ ಇದಕ್ಕೆ ಉತ್ತರ ಹೇಳುತ್ತದೆ. ಆ ಕಲೆ ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಬಂದಿತೆಂಬ ಪ್ರತೀತಿಯಿದೆ. ಜಪಾನಿನ ತಂತ್ರಗಳನ್ನು ಊರಿಗೆ ತಂದವರೆಂದು ಬಾವಾಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಹೀಗಿದ್ದೂ ಅದು ಚನ್ನಪಟ್ಟಣದ್ದೇ ಎಂದು ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಒಂದು ಪ್ರಕಾರ ಎಲ್ಲಿಂದ ಬಂತು ಎಂಬುದಕ್ಕಿಂತ ಅದು ಇಲ್ಲಿ ಯಾವ ಕೈಗಳಲ್ಲಿ ಬೆಳೆಯಿತು ಎಂಬುದು ಮುಖ್ಯ.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಹಳಹಳಿಕೆ. ಒನಕೆ, ಮೊರ, ಹಿತ್ತಾಳೆಯ ತಂಬಿಗೆಗಳನ್ನೇ ಆರಿಸಿ ಹೊಂಬೆಳಕಿನಲ್ಲಿ ಜೋಡಿಸಿದರೆ ಅದು ಕ್ಯಾಲೆಂಡರಿನ ಚಿತ್ರವಾದೀತು. ಇಂದಿನ ಮಾಗಡಿಯ ಮನೆಯಲ್ಲಿ ಪ್ಲಾಸ್ಟಿಕ್ ಬಿಂದಿಗೆ ಇದೆ, ಮೊಬೈಲ್ ಚಾರ್ಜರ್ ಇದೆ. ರೇಷ್ಮೆ ಬೆಳೆಗಾರರಲ್ಲಿ ಬಿದಿರಿನ ಚಂದ್ರಿಕೆಯ ಜೊತೆಗೆ ಪ್ಲಾಸ್ಟಿಕ್ಕಿನ ನೇತ್ರಿಕೆಯೂ ಬಂದಿದೆ. ಬೇಸಿಗೆಯಲ್ಲಿ ಕನಕಪುರದ ತೋಟದ ಮಾವು ಪ್ಲಾಸ್ಟಿಕ್ ಕ್ರೇಟಿನಲ್ಲಿಯೇ ಕೂತಿರುತ್ತದೆ. ಅರಗಿನ ಗೊಂಬೆಯ ಪಕ್ಕದಲ್ಲಿ ಕಾರ್ಖಾನೆಯ ಅಗ್ಗದ ಗೊಂಬೆಯನ್ನೂ ಇಟ್ಟು ಎರಡಕ್ಕೂ ಸಮಾನವಾದ ಗಮನ ಕೊಡುವ ಚಿತ್ರಕಾರ ಮಾತ್ರ ತನ್ನ ಕಾಲಕ್ಕೆ ಸಾಕ್ಷಿಯಾಗುತ್ತಾನೆ.

ಸಾಹಿತ್ಯದ ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಅಷ್ಟಾದಶ ವರ್ಣನೆಗಳ ಆಚೆಗೆ ವಸ್ತುವನ್ನು ಗೌರವಿಸಿದ ಇನ್ನೊಂದು ಧಾರೆ ಕನ್ನಡದಲ್ಲಿ ಹರಿದಿದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಯೂ ಭತ್ತವೂ ಪಾತ್ರಗಳಾಗಿ ವಾದಕ್ಕೆ ನಿಲ್ಲುತ್ತವೆ. ಜೈನಕವಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಅಡುಗೆಯನ್ನು ವಾರ್ಧಕ ಷಟ್ಪದಿಗೆ ತಂದ. ಕಾಯಕದ ಉಪಕರಣಗಳು ವಚನಗಳಲ್ಲಿಯೂ, ಬೀಸುವ ಕಲ್ಲು ಹೆಂಗಸರ ಹಾಡುಗಳಲ್ಲಿಯೂ ಮಾತಾಡಿವೆ. ಆಧುನಿಕ ಕಾಲದಲ್ಲಿ ವೈದೇಹಿಯವರ ಬರೆಹ ಅಡುಗೆಮನೆಯನ್ನು ಕಾವ್ಯದ ಕೇಂದ್ರಕ್ಕೆ ತಂದಿತು. ಈ ಧಾರೆಯನ್ನು ಒಟ್ಟಾಗಿ ಓದಿದರೆ ವಸ್ತುಚಿತ್ರವನ್ನು ವಿಮರ್ಶಿಸಲು ಬೇಕಾದ ಪರಿಭಾಷೆ ನಮ್ಮಲ್ಲಿಯೇ ದೊರೆಯುತ್ತದೆ. ಅಂಥ ವಿಮರ್ಶೆ ಬೆಳೆದಾಗ ಬದನೆಕಾಯಿ-ಹೂಜಿಗಳ ಪಾಠವನ್ನು ಮುಗಿಸಿದ ವಿದ್ಯಾರ್ಥಿಗೆ ಅದಕ್ಕೇ ಮರಳಿಬರುವ ಧೈರ್ಯವೂ ಬಂದೀತು.