ನೆಟ್ ಹೋಯ್ತು ಅಂದ್ರೆ... ಹೋಗಿದ್ದು ಯಾವುದು?

"ಚಿಕ್ಕಪ್ಪಾ, ಮತ್ತೆ ನೆಟ್ ಹೋಯ್ತು!"

ಮಧುಗಿರಿಯ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಕೂಗು ಇದು. ಸಿಇಟಿ ಆಪ್ಷನ್ ಎಂಟ್ರಿ ದಿನವಂತೂ ಅಣ್ಣನ ಮಗಳು ಲ್ಯಾಪ್‌ಟಾಪ್ ಹಿಡಿದು ಮನೆಯೆಲ್ಲಾ ಓಡಾಡಿದಳು. ಕಾಲೇಜುಗಳ ಪಟ್ಟಿ ಅರ್ಧ ತುಂಬಿದಾಗ ಕಟ್. ಮತ್ತೆ ಲಾಗಿನ್, ಮತ್ತೆ ಕಟ್. ಕೊನೆಗೆ ನನ್ನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮುಗಿಸಿದ್ದಾಯ್ತು. ಎರಡು ವರ್ಷದ ಓದು ಒಂದು ಪೆಟ್ಟಿಗೆಯ ಮರ್ಜಿಗೆ ಬಿದ್ದಿತ್ತು ನೋಡಿ.

ತಮಾಷೆ ಅಂದ್ರೆ ನಮ್ಮ ಮನೇಲಿದ್ದದ್ದು ಮೂರು ಮೆಶ್ ಪೆಟ್ಟಿಗೆ! "ಇದು ಹಾಕಿ ಸಾರ್, ಮೂಲೆಮೂಲೆಗೂ ಸಿಗ್ನಲ್" ಅಂದಿದ್ದ ಅಂಗಡಿಯವನು. ಸಿಗ್ನಲ್ ಮೂಲೆಮೂಲೆಗೂ ಬಂತು. ನೆಟ್ ಬರಲಿಲ್ಲ. ಹೋಗಿ ಕೇಳಿದರೆ, "ಇನ್ನೊಂದು ಪೆಟ್ಟಿಗೆ ಹಾಕಿಸಿ ಸಾರ್" ಅಂದ.

ಇಲ್ಲೇ ನನ್ನ ತಕರಾರು. ಎರಡು ಬೇರೆ ಬೇರೆ ವಿಷಯಕ್ಕೆ ನಾವು ಒಂದೇ ಮಾತು ಬಳಸುತ್ತೇವೆ. ಕಂಬದಿಂದ ಮನೆಗೆ ಬರುವ ಫೈಬರ್‌ನಲ್ಲಿರೋದು ನೆಟ್. ಪೆಟ್ಟಿಗೆಯಿಂದ ಮೊಬೈಲ್‌ಗೆ ಗಾಳಿಯಲ್ಲಿ ಬರೋದು ವೈಫೈ. ಯಾವುದು ಹೋದರೂ ನಮಗೆ "ನೆಟ್ ಹೋಯ್ತು". ನಮ್ಮದು ನೀರಿನ ಬವಣೆ ಕಂಡ ಸೀಮೆ. ನಲ್ಲೀಲಿ ನೀರು ಬರದಿದ್ದರೆ ಯಾರಾದರೂ ಹೊಸ ನಲ್ಲಿ ತರೋಕೆ ಓಡ್ತಾರಾ? ಮೊದಲು ಟ್ಯಾಂಕ್‌ನಲ್ಲಿ ನೀರಿದೆಯಾ ಅಂತ ಬಗ್ಗಿ ನೋಡ್ತಾರೆ. ನೆಟ್ ವಿಷಯದಲ್ಲಿ ಮಾತ್ರ ನಾವು ನಲ್ಲಿ ಮೇಲೆ ನಲ್ಲಿ ಹಾಕಿಸ್ತೀವಿ!

ಬಗ್ಗಿ ನೋಡೋದು ಸುಲಭ. ಕಟ್ ಆದ ಕೂಡಲೇ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಲ್ಯಾನ್ ಕೇಬಲ್‌ನಿಂದ ಲ್ಯಾಪ್‌ಟಾಪ್ ಸಿಕ್ಕಿಸಿ. ನೆಟ್ ಬಂದರೆ ಕಾಯಿಲೆ ಮನೆಯೊಳಗಿನದು. ಬರದಿದ್ದರೆ ಬಹುಮಟ್ಟಿಗೆ ಹೊರಗಿನದು. ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ಅಂತ ಬರೆದ ದೀಪ ಕೆಂಪಗಿದ್ದರೆ ಫೈಬರ್‌ನಲ್ಲಿ ಬೆಳಕೇ ಬರ್ತಿಲ್ಲ ಅಂತ ಅರ್ಥ. ಆಗ ಹತ್ತು ಮೆಶ್ ಇಟ್ಟರೂ ಪ್ರಯೋಜನವಿಲ್ಲ.

ನಮ್ಮಲ್ಲಿ ಕೇಬಲ್‌ಗೆ ನೆಟ್ ಸರಿಯಾಗೇ ಬಂತು. ಹಾಗಾದರೆ ಕಳ್ಳ ಯಾರು? ನಡುಮನೆಯ ಎರಡಡಿ ದಪ್ಪದ ಕಲ್ಲುಗೋಡೆ, ಮತ್ತೆ ಕಬ್ಬಿಣದ ಬೀರು. ಅದರ ಹಿಂದೆ ಎರಡನೇ ಪೆಟ್ಟಿಗೆ ಕೂತಿತ್ತು! ಮೆಶ್ ಪೆಟ್ಟಿಗೆಗಳು ತಮ್ಮತಮ್ಮಲ್ಲೂ ಗಾಳಿಯಲ್ಲೇ ಮಾತಾಡಿಕೊಳ್ಳುತ್ತವೆ. ಆ ಮಾತು ಕಡಿದರೆ ಮೊಬೈಲ್‌ನಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ನೆಟ್ ಇರೋದಿಲ್ಲ. ಅದರಲ್ಲೂ ವೇಗದ 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಬಡವ. ಗೋಡೆಗೆ ಒಂದು ತೂತು ಕೊರೆಸಿ, ಎರಡು ಪೆಟ್ಟಿಗೆಯ ನಡುವೆ ಲ್ಯಾನ್ ಕೇಬಲ್ ಎಳೆದೆವು. ಹೊಸ ಪೆಟ್ಟಿಗೆಗಿಂತ ಎಷ್ಟೋ ಕಡಿಮೆ ಖರ್ಚು. ಕೂಗು ನಿಂತಿದೆ.

ಆಮೇಲೆ ನೆಂಟರ ಮನೆಗಳಿಗೂ ನಾನೇ ಡಾಕ್ಟ್ರು :) ಶಿರಾದ ಅತ್ತೆ ಮನೆಯಲ್ಲಿ ಕೆಂಪು ದೀಪ. ಜೆಸಿಬಿ ಅಗೆದ ಕಡೆ ಫೈಬರ್ ತುಂಡಾಗಿತ್ತು. ಕೊರಟಗೆರೆಯ ಭಾವ ಹಳೇ ಪೆಟ್ಟಿಗೆಯ ವೈಫೈ ಆಫ್ ಮಾಡದೆ ಮೆಶ್‌ಗೂ ಅದೇ ಹೆಸರಿಟ್ಟಿದ್ದರು. ಮೊಬೈಲ್ ಪಾಪ ಅತ್ತ ಹೋಗಿ ಇತ್ತ ಬಂದು ಒದ್ದಾಡುತ್ತಿತ್ತು. ಪಾವಗಡದ ಗೆಳೆಯನ ಮನೆಯಲ್ಲಿ ನೆಟ್ಟೂ ಸರಿ, ವೈಫೈಯೂ ಸರಿ. ಪೆಟ್ಟಿಗೆಯ ಪ್ಲಗ್ ಇನ್ವರ್ಟರ್ ಲೈನ್‌ನಲ್ಲಿರಲಿಲ್ಲ, ಅಷ್ಟೇ! ಕರೆಂಟ್ ಒಂದು ಸೆಕೆಂಡ್ ಹೋಗಿ ಬಂದರೂ ಪೆಟ್ಟಿಗೆಗಳೆಲ್ಲ ಮತ್ತೆ ಎದ್ದು ಒಂದನ್ನೊಂದು ಹುಡುಕಿಕೊಳ್ಳೋಕೆ ಐದು ನಿಮಿಷ. ಅವರ ತಾಲ್ಲೂಕಿನ ತಿರುಮಣಿ ಸುತ್ತ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಇವನ ಪೆಟ್ಟಿಗೆಗೆ ಬೇಕಿದ್ದದ್ದು ಹತ್ತಿಪ್ಪತ್ತು ವ್ಯಾಟ್! ಅಡಾಪ್ಟರ್‌ನ ವೋಲ್ಟೇಜ್ ನೋಡಿ, ಅದಕ್ಕೆ ಹೊಂದುವ ಒಂದು ಪುಟ್ಟ ರೂಟರ್ ಯುಪಿಎಸ್ ಇಟ್ಟ ಮೇಲೆ ಸರಿಹೋಯ್ತು.

ನಾಲ್ಕು ಮನೆ, ನಾಲ್ಕು ಕಾಯಿಲೆ. ಹೆಸರು ಮಾತ್ರ ಒಂದೇ. ಒಬ್ಬರಿಗೂ ಹೊಸ ಮೆಶ್ ಪೆಟ್ಟಿಗೆ ಬೇಕಿರಲಿಲ್ಲ.

"ಇದೆಲ್ಲ ನಾವ್ಯಾಕೆ ಕಲೀಬೇಕು? ದುಡ್ಡು ಕೊಡ್ತೀವಿ, ಅವರೇ ನೋಡ್ಕೊಳ್ಳಲಿ" ಅನ್ನಬಹುದು. ಫೈಬರ್ ಅವರದ್ದು, ಖಂಡಿತ ಅವರೇ ನೋಡಬೇಕು. ಆದರೆ ಬರೀ "ನೆಟ್ ಹೋಯ್ತು" ಅಂದರೆ "ರೀಸ್ಟಾರ್ಟ್ ಮಾಡಿ ಸಾರ್" ಅನ್ನೋ ಉತ್ತರ ಬರುತ್ತೆ. "ಇಷ್ಟು ಗಂಟೆಯಿಂದ ಎಲ್‌ಓಎಸ್ ಕೆಂಪಗಿದೆ, ಕೇಬಲ್ ಹಾಕಿದರೂ ಇಲ್ಲ" ಅಂತ ಬರೆದಿಟ್ಟುಕೊಂಡು ಹೇಳಿ ನೋಡಿ, ಜಾರಿಕೊಳ್ಳೋದು ಕಷ್ಟ. ಇನ್ನು ನಮ್ಮ ನಡುಮನೆಯ ಗೋಡೆಗೆ ಯಾವ ಕಂಪನಿಯೂ ಹೊಣೆಯಲ್ಲ, ಅದನ್ನು ನಾವೇ ನೋಡಬೇಕು.

ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಮಕ್ಕಳ ಅರ್ಜಿ, ಫಲಿತಾಂಶ, ಸೀಟು ಎಲ್ಲಾ ಈಗ ನೆಟ್‌ನಲ್ಲೇ. ಕೊನೇ ದಿನ, ಕೊನೇ ಗಂಟೆಯಲ್ಲಿ ಕಟ್ ಆದರೆ ಹೋಗೋದು ಬರೀ ವಿಡಿಯೋ ಅಲ್ಲ. ಹಾಟ್‌ಸ್ಪಾಟ್ ಇಲ್ಲದ ಮನೆಯ ಹುಡುಗಿ ಏನು ಮಾಡಬೇಕು ಹೇಳಿ.

ಹಾಗಾಗಿ ಮುಂದಿನ ಸಲ ಪೆಟ್ಟಿಗೆ ಕೊಳ್ಳೋ ಮುಂಚೆ ಒಂದೇ ಪ್ರಶ್ನೆ ಕೇಳಿ. ಹೋಗಿದ್ದು ನೆಟ್ಟೋ, ವೈಫೈಯೋ, ಕರೆಂಟೋ?

ನಿಮ್ಮನೇಲಿ ಹೋಗೋದು ಯಾವುದು? ತಿಳಿಸಿ.

(ಈ ಪೋಸ್ಟ್ ಹಾಕುವಾಗ ಒಂದು ಸಲವೂ ಕಟ್ ಆಗಲಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾ...)