ವರದಿಯಲ್ಲಿ ನರದ ಬಗ್ಗೆ ಏನಿದೆ, ಕೇಳಿ

ಗುಟ್ಖಾ ಹಾಕುವವರು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಜಗಿಯುವವರು ಇರುವ ಪ್ರತಿ ಮನೆಗೂ ಈ ಮಾತು ಮುಟ್ಟಬೇಕೆಂದು ಬರೆಯುತ್ತಿದ್ದೇನೆ.

ಮಾಯದ ಹುಣ್ಣು, ಕುತ್ತಿಗೆಯ ಗಂಟು ಬಾಯಿ ಕ್ಯಾನ್ಸರಿನ ಲಕ್ಷಣವೆಂದು ಈಗ ಬಹಳ ಜನರಿಗೆ ಗೊತ್ತು. ಆದರೆ ಕ್ಯಾನ್ಸರ್ ನರ ಹಿಡಿದೂ ಸಾಗುತ್ತದೆ ಎಂಬುದು ಹೆಚ್ಚಿನವರ ಕಿವಿಗೆ ಬಿದ್ದಿಲ್ಲ. ನಾನು ಪೆಥಾಲಜಿಸ್ಟ್. ಆಪರೇಷನ್ ಮಾಡಿ ತೆಗೆದ ಗಡ್ಡೆಯ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ತಿಳಿಗುಲಾಬಿ ಬಣ್ಣದ ನರ ಅಲ್ಲಿ ದುಂಡಗೆ ಕಾಣುತ್ತದೆ. ಕೆಲವರಲ್ಲಿ ಅದರ ಸುತ್ತ ಕಡುನೇರಳೆ ಕ್ಯಾನ್ಸರ್ ಕೋಶಗಳು ಕೈಗೆ ಬಳೆ ತೊಡಿಸಿದ ಹಾಗೆ ಕೂತಿರುತ್ತವೆ. ನರ ಸೂಸುವ ರಾಸಾಯನಿಕಗಳು ಅವನ್ನು ಹತ್ತಿರಕ್ಕೆ ಸೆಳೆಯುತ್ತವೆ, ಆ ಕೋಶಗಳೂ ನರವನ್ನು ತಮ್ಮತ್ತ ಬೆಳೆಸಿಕೊಳ್ಳುತ್ತವೆ. ನರದ ಸುತ್ತಳತೆಯಲ್ಲಿ ಮೂರನೇ ಒಂದು ಪಾಲನ್ನಾದರೂ ಕೋಶಗಳು ಆವರಿಸಿದ್ದರೆ, ಇಲ್ಲವೇ ಹೊದಿಕೆಯೊಳಗೇ ನುಗ್ಗಿದ್ದರೆ, ವರದಿಯಲ್ಲಿ ‘ಪೆರಿನ್ಯೂರಲ್ ಇನ್ವೇಷನ್’ ಎಂದು ಬರೆಯುತ್ತೇವೆ.

ಹಾಗೆ ಬರೆದಿದ್ದರೆ ರೋಗ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ನರದಗುಂಟ ಜಾರಿಹೋದ ನಾಲ್ಕು ಕೋಶ ಸರ್ಜನ್ನರ ಕಣ್ಣಿಗೂ ಬೀಳವು, ಸ್ಕ್ಯಾನಿನಲ್ಲೂ ಕಾಣವು. ಆಪರೇಷನ್ ಆದ ಮೇಲೂ ರೇಡಿಯೇಷನ್ ಬೇಕೆಂದು ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ. “ಗಡ್ಡೆ ತೆಗೆದಾಯ್ತಲ್ಲ, ಇನ್ನು ಕರೆಂಟ್ ಯಾಕೆ?” ಎಂದು ಊರಿಗೆ ಹೊರಟುಬಿಡಬೇಡಿ. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗುವುದು ಒಳ್ಳೆಯದು. ಖರ್ಚಿನ ಚಿಂತೆಯಿದ್ದರೆ ಬಿಪಿಎಲ್ ಕಾರ್ಡ್ ತೆಗೆದುಕೊಂಡು ಹೋಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ನರ ತಾನೇ ಸುಳಿವು ಕೊಡುವುದೂ ಉಂಟು. ಕೆಳತುಟಿ, ಗದ್ದ ಅಥವಾ ನಾಲಗೆಯ ಒಂದು ಮಗ್ಗುಲು ಜೋಮು ಹಿಡಿದು ಬಿಡದಿರುವುದು, ಚರ್ಮದಡಿ ಇರುವೆ ಹರಿದಂತಾಗುವುದು, ಹಲ್ಲು ಕೀಳಿಸಿದರೂ ಹೋಗದ ನೋವು. ಇವೆಲ್ಲ ಕ್ಯಾನ್ಸರೇ ಎಂದು ಹೆದರಬೇಕಿಲ್ಲ, ಬೇರೆ ಕಾರಣಗಳೇ ಹೆಚ್ಚು. ಆದರೂ ತೋರಿಸದೆ ಇರಬೇಡಿ. ಮುಖದ ಲಕ್ವದ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಸಾಮಾನ್ಯವಾಗಿ ಕಾಣುವ ಲಕ್ವ ಎರಡು ಮೂರು ದಿನದಲ್ಲಿ ಪೂರ್ತಿ ಬಂದು, ವಾರಗಳಲ್ಲಿ ಇಳಿಯತೊಡಗುತ್ತದೆ. ವಾರಗಟ್ಟಲೆ ನಿಧಾನವಾಗಿ ಬಾಯಿ ಸೊಟ್ಟಗಾಗುತ್ತಾ ಹೋದರೆ, ಅಥವಾ ಮೂರು ತಿಂಗಳಾದರೂ ಚೂರೂ ಸುಧಾರಿಸದಿದ್ದರೆ, ಮುಖದ ನರ ಹಾದುಹೋಗುವ, ಕಿವಿಯ ಮುಂದಿನ ಜೊಲ್ಲು ಗ್ರಂಥಿಯಲ್ಲಿ ಗಡ್ಡೆ ಇದೆಯೇ ಎಂದು ಎಂಆರ್‌ಐ ಮಾಡಿಸಿ ನೋಡಲೇಬೇಕು. ಲಕ್ವದ ಔಷಧಿಗೆಂದು ಊರೂರು ಅಲೆಯುತ್ತಾ ಆ ತಿಂಗಳುಗಳನ್ನು ಕಳೆಯಬೇಡಿ.

ಹಲ್ಲಿನ ಡಾಕ್ಟರುಗಳೇ, ಕೀಳುವ ಮುಂಚೆ ತುಟಿ, ಗದ್ದ ಮುಟ್ಟಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಕೇಳಿ. ನನ್ನ ಸಹೋದ್ಯೋಗಿಗಳೇ, ನರ ಹಿಡಿದಿದೆಯೋ ಇಲ್ಲವೋ, ಎರಡರಲ್ಲೊಂದನ್ನು ವರದಿಯಲ್ಲಿ ಬರೆದೇ ಸಹಿ ಹಾಕೋಣ.