ಬೇಟೆಗಾರನ ತಟ್ಟೆಯಲ್ಲಿ ಅಣುಧೂಳಿ

ಶಿಗ್ಗಾಂವ, ಹಾನಗಲ್ಲ ಸೀಮೆಯ ರೈತರಿಗೆ ಕಾಡುಹಂದಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾದುದಿಲ್ಲ. ಗೋವಿನಜೋಳ ತೆನೆಗಟ್ಟಿತೆಂದರೆ ಸಾಕು, ಇರುಳಿನಲ್ಲಿ ಹಿಂಡುಗಟ್ಟಿ ಬಂದು ಹೊಲವನ್ನು ಹಾಳುಗೆಡಹುವ ಪ್ರಾಣಿಯದು. ನೆಲವನ್ನು ಬಗೆದು ತಿನ್ನುವುದು ಅದರ ಹುಟ್ಟುಗುಣ. ಈ ಗುಣವೇ ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಬೇಟೆಗಾರರಿಗೆ ವಿಚಿತ್ರ ಸಮಸ್ಯೆಯೊಂದನ್ನು ತಂದೊಡ್ಡಿದೆ. ಅಲ್ಲಿನ ಕಾಡುಹಂದಿಗಳ ಮಾಂಸವು ವಿಕಿರಣಶೀಲವಾಗಿದೆ!

1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರವು ಸ್ಫೋಟಿಸಿತು. ಗಾಳಿಯಲ್ಲಿ ತೇಲಿಬಂದ ಧೂಳಿಯು ಕೆಲವೇ ದಿನಗಳಲ್ಲಿ ಮಳೆಯೊಡನೆ ಬವೇರಿಯದ ಅರಣ್ಯಗಳ ಮೇಲೆ ಇಳಿಯಿತು. ಅದರಲ್ಲಿದ್ದ ಸೀಸಿಯಂ-137 ಎಂಬ ಧಾತುವು ರಾಸಾಯನಿಕ ಗುಣದಲ್ಲಿ ಪೊಟ್ಯಾಸಿಯಂನ ದಾಯಾದಿ. ಆದುದರಿಂದ ಗಿಡಮರಗಳೂ ಪ್ರಾಣಿಗಳೂ ಅದನ್ನು ಸುಲಭವಾಗಿ ಒಳಗೊಳ್ಳುತ್ತವೆ. ಪ್ರಾಣಿಗಳಲ್ಲಿ ಅದು ಮಾಂಸಖಂಡವನ್ನು ಸೇರುತ್ತದೆ. ಇದ್ದುದರಲ್ಲಿ ಅರ್ಧ ಭಾಗ ಅಳಿಯಲು ಸುಮಾರು 30 ವರ್ಷಗಳು ಬೇಕು.

ವರ್ಷಗಳು ಉರುಳಿದಂತೆ ಜಿಂಕೆಗಳ ಮಾಂಸದಲ್ಲಿ ಸೀಸಿಯಂ ಇಳಿಮುಖವಾಯಿತು. ಕಾಡುಹಂದಿಯಲ್ಲಿ ಮಾತ್ರ ಅಷ್ಟಾಗಿ ಇಳಿಯಲಿಲ್ಲ. ಕಾರಣವೇನು? ಚಳಿಗಾಲದಲ್ಲಿ ಆಹಾರವು ವಿರಳವಾದಾಗ ಅದು ಮಣ್ಣಿನಡಿ ಬೆಳೆಯುವ ಒಂದು ಬಗೆಯ ಅಣಬೆಯನ್ನು ಬಗೆದು ತಿನ್ನುತ್ತದೆ. ಸೀಸಿಯಂ ಮಣ್ಣಿನೊಳಗೆ ಬಲು ನಿಧಾನವಾಗಿ ಇಳಿಯುತ್ತದೆ. ಅಣಬೆ ಅದನ್ನು ಹೀರಿ ಕೂಡಿಡುತ್ತದೆ.

ಇನ್ನೂ ಆಶ್ಚರ್ಯದ ಸಂಗತಿಯು 2023ರಲ್ಲಿ ಬೆಳಕಿಗೆ ಬಂತು. ವಿಯೆನ್ನ ಮತ್ತು ಹ್ಯಾನೋವರ್‌ನ ವಿಜ್ಞಾನಿಗಳು ಬವೇರಿಯದ ಕಾಡುಹಂದಿಗಳ 48 ಮಾಂಸದ ಮಾದರಿಗಳನ್ನು ಪರೀಕ್ಷಿಸಿದರು. ಶೇಕಡಾ 88ರಷ್ಟು ಮಾದರಿಗಳು ಕಿಲೋಗ್ರಾಮಿಗೆ 600 ಬೆಕರೆಲ್ ಎಂಬ ಕಾನೂನಿನ ಮಿತಿಯನ್ನು ಮೀರಿದ್ದವು. ಸೀಸಿಯಂ-135 ಮತ್ತು ಸೀಸಿಯಂ-137ರ ಪ್ರಮಾಣಗಳನ್ನು ಹೋಲಿಸಿದರೆ ವಿಷದ ಮೂಲವು ತಿಳಿಯುತ್ತದೆ. ಹಾಗೆ ನೋಡಿದಾಗ ಶೇಕಡಾ 10ರಿಂದ 68ರಷ್ಟು ಪಾಲು ಚೆರ್ನೋಬಿಲ್‌ನದಲ್ಲ. ಗತಶತಮಾನದ ಮಧ್ಯಭಾಗದ ಅಣುಬಾಂಬ್ ಪರೀಕ್ಷೆಗಳದು! 1963ರ ಮಾಸ್ಕೋ ಒಪ್ಪಂದದಿಂದ ಅಮೆರಿಕ, ರಷ್ಯ, ಬ್ರಿಟನ್ನುಗಳು ವಾಯುಮಂಡಲದ ಪರೀಕ್ಷೆಯನ್ನು ನಿಲ್ಲಿಸಿದ್ದವು. ಆದರೆ ಬಿದ್ದ ಧೂಳಿಯನ್ನು ಹಿಂದಕ್ಕೆ ಕರೆಯುವ ಒಪ್ಪಂದವಿಲ್ಲ.

ಒಂದು ದಿನದ ಊಟದಿಂದ ಯಾರೂ ಹಾಸಿಗೆ ಹಿಡಿಯರು. ವರ್ಷಗಟ್ಟಲೆ ಬೇಟೆಯ ಮಾಂಸವನ್ನೇ ಉಣ್ಣುವ ಬೇಟೆಗಾರನಿಗೂ ಅವನ ಮಡದಿಮಕ್ಕಳಿಗೂ ಅಪಾಯವು ಹೆಚ್ಚು. ಅರ್ಬುದ ರೋಗದ ಸಂಭವ ಏರುತ್ತದೆ. ಬೇಯಿಸುವುದರಿಂದ ವಿಕಿರಣವು ನಾಶವಾಗದು. ಉಪ್ಪುನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಸ್ವಲ್ಪ ಭಾಗ ಹೊರಹೋಗುತ್ತದೆ, ಅಷ್ಟೆ. ಆದುದರಿಂದ ಅಲ್ಲಿ ಮಾಂಸವನ್ನು ಮಾಪನಯಂತ್ರದಲ್ಲಿ ಅಳೆದು, ಮಿತಿ ಮೀರಿದ್ದನ್ನು ನಾಶಪಡಿಸುತ್ತಾರೆ. ಬಳಸಲಾಗದ ಬೇಟೆಗೆ ಉತ್ಸಾಹವೆಲ್ಲಿಯದು? ಬೇಟೆ ಕುಗ್ಗಿದರೆ ಹಂದಿಗಳು ಹೆಚ್ಚುತ್ತವೆ. ನಷ್ಟವು ರೈತನ ಹೊಲಕ್ಕೆ ಬರುತ್ತದೆ. ಶಿಗ್ಗಾಂವದ ರೈತನಿಗೆ ಈ ಸಂಕಟವು ಚೆನ್ನಾಗಿ ಅರ್ಥವಾದೀತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಚೆರ್ನೋಬಿಲ್ ಧೂಳಿಯ ಬಹುಭಾಗವೂ ಯೂರೋಪಿನಲ್ಲೇ ಬಿತ್ತು. ಆದರೂ ಪಾಠವು ಎಲ್ಲರಿಗೂ ಒಂದೇ. ಪಕ್ಕದ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳಿ ನದಿಯ ದಡದ ಕೈಗಾದಲ್ಲಿ, 2000ದಿಂದ ಅಣುವಿದ್ಯುತ್ತು ಉತ್ಪನ್ನವಾಗುತ್ತಿದೆ. ಅಲ್ಲಿನ ಪರಿಸರ ಪ್ರಯೋಗಾಲಯವು ಸುತ್ತಲಿನ ನೀರು, ಆಹಾರಪದಾರ್ಥಗಳ ಮಾದರಿಗಳನ್ನು ಪರೀಕ್ಷಿಸುತ್ತದೆ. ಇಂಥ ಎಚ್ಚರಿಕೆಯು ದುಂದುವೆಚ್ಚವೆಂದು ಯಾರೂ ಭಾವಿಸಬಾರದು. ಮನುಷ್ಯನು ಮರೆತುದನ್ನು ಮಣ್ಣು ಮರೆಯುವುದಿಲ್ಲ.